ಮೂರೇ ಎಲೆ, ಆರು ಜನ: ಮೊಡ್ರಿಚ್‌ಗೆ ಜಾಗ ಎಲ್ಲಿ?

2024ರ ಫೆಬ್ರವರಿ 25. ಮ್ಯಾಡ್ರಿಡ್‌ನ ಬರ್ನಬ್ಯೂ ಸ್ಟೇಡಿಯಂನಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಸೆವಿಯ್ಯಾ ನಡುವಿನ ಪಂದ್ಯ. 75 ನಿಮಿಷ ಆದರೂ ಗೋಲಿಲ್ಲ. ಆಗ ಕೋಚ್ ಕಾರ್ಲೊ ಆಂಚೆಲೊಟ್ಟಿ ಬೆಂಚ್ ಕಡೆ ತಿರುಗಿ 38 ವರ್ಷದ ಒಬ್ಬನನ್ನು ಎಬ್ಬಿಸಿ ಕಳಿಸಿದರು. ಆರೇ ನಿಮಿಷ. ಪೆನಾಲ್ಟಿ ಬಾಕ್ಸ್ ಅಂಚಿನಲ್ಲಿ ಚೆಂಡು ಸಿಕ್ಕಿತು, ಎದುರಾಳಿಯನ್ನು ಒಂಚೂರು ಪಕ್ಕಕ್ಕೆ ಎಳೆದು ಬಲಗಾಲಲ್ಲಿ ಹೊಡೆದ. ಗೋಲು! ಪಂದ್ಯ 1-0.

ಹೊಡೆದವನು ಲೂಕಾ ಮೊಡ್ರಿಚ್. ಆ ಸೀಸನ್‌ನಲ್ಲಿ ಆತ ಮೊದಲ ಹನ್ನೊಂದರಲ್ಲಿ ಖಾಯಂ ಅಲ್ಲ. ಹಾಗಂತ ಟೀಮ್‌ಗೆ ಬೇಡದವನೂ ಅಲ್ಲ. ಈ ಎರಡರ ನಡುವೆ ಇರೋದು ಎಷ್ಟು ಕಷ್ಟ ಅಂತ ಗೊತ್ತಾಗೋಕೆ ಫುಟ್‌ಬಾಲ್ ಆಡಿರಬೇಕು ಅಂತೇನಿಲ್ಲ. ಬೆಂಗಳೂರಿನ ಐಟಿಯವರಿಗಂತೂ 'ಬೆಂಚ್ ಮೇಲಿರೋದು' ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಡುಮನೆಯ ಯಜಮಾನ

ಫುಟ್‌ಬಾಲ್ ಅಷ್ಟಾಗಿ ನೋಡದವರಿಗೆ ಒಂದು ಮಾತು. ಮಿಡ್‌ಫೀಲ್ಡ್ ಅಂದ್ರೆ ಮನೆಯ ನಡುಮನೆ ಇದ್ದ ಹಾಗೆ. ಅಡುಗೆಮನೆಯಿಂದ ಜಗಲಿಗೆ ಹೋಗುವ ಪ್ರತಿಯೊಂದೂ ಅಲ್ಲಿಂದಲೇ ದಾಟಬೇಕು. ಹಿಂದಿನ ಡಿಫೆಂಡರ್‌ಗಳಿಂದ ಚೆಂಡು ತಗೊಂಡು, ಮುಂದಿರುವ ಸ್ಟ್ರೈಕರ್‌ಗಳಿಗೆ ತಲುಪಿಸೋದು ಇಲ್ಲಿರುವವರ ಕೆಲಸ. ಪಂದ್ಯ ಯಾವಾಗ ಜೋರಾಗಬೇಕು, ಯಾವಾಗ ನಿಧಾನ ಆಗಬೇಕು ಅನ್ನೋದನ್ನೂ ತೀರ್ಮಾನಿಸುವವರು ಇವರೇ.

ರಿಯಲ್ ಮ್ಯಾಡ್ರಿಡ್‌ನಲ್ಲಿ ಸುಮಾರು ಏಳು ವರ್ಷ ಈ ನಡುಮನೆಗೆ ಮೂವರೇ ಒಡೆಯರು. ಬ್ರೆಜಿಲ್‌ನ ಕ್ಯಾಸೆಮಿರೊ ಕಾವಲಿಗೆ, ಜರ್ಮನಿಯ ಟೋನಿ ಕ್ರೂಸ್ ಲೆಕ್ಕಾಚಾರಕ್ಕೆ, ಕ್ರೊವೇಷ್ಯಾದ ಮೊಡ್ರಿಚ್ ಎಲ್ಲದಕ್ಕೂ. 2016, 2017, 2018ರಲ್ಲಿ ಸತತ ಮೂರು ಚಾಂಪಿಯನ್ಸ್ ಲೀಗ್ ಗೆದ್ದದ್ದು ಈ ಮೂವರ ಬಲದಿಂದ. 2018ರಲ್ಲಿ ಮೊಡ್ರಿಚ್ ಕ್ರೊವೇಷ್ಯಾವನ್ನು ವಿಶ್ವಕಪ್ ಫೈನಲ್‌ವರೆಗೆ ಕರೆದೊಯ್ದ. ಫ್ರಾನ್ಸ್ ವಿರುದ್ಧ 4-2ರಿಂದ ಸೋತರೂ ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಆತನಿಗೇ ಬಂತು. ಅದೇ ವರ್ಷ ಬ್ಯಾಲನ್ ಡಿ'ಓರ್ ಕೂಡ. ಹತ್ತು ವರ್ಷ ಮೆಸ್ಸಿ, ರೊನಾಲ್ಡೊ ಬಿಟ್ಟು ಮೂರನೆಯವರ ಮನೆಗೆ ಹೋಗದಿದ್ದ ಪ್ರಶಸ್ತಿ ಅದು.

ಎಳೆಯರು ಬಂದರು

ಹೊಸಬರು ಒಂದೇ ದಿನ ಬರಲಿಲ್ಲ, ಒಬ್ಬೊಬ್ಬರಾಗಿ ಬಂದರು. ಉರುಗ್ವೆಯ ಫೆಡೆ ವಾಲ್ವೆರ್ಡೆ ಕ್ಲಬ್‌ನಲ್ಲೇ ಬೆಳೆದು ಮೇಲೆ ಬಂದ. 2021ರಲ್ಲಿ ಫ್ರಾನ್ಸ್‌ನಿಂದ ಕಮವಿಂಗಾ, 2022ರಲ್ಲಿ ಚುವಾಮೆನಿ. 2023ರಲ್ಲಿ ಇಂಗ್ಲೆಂಡ್‌ನ ಜೂಡ್ ಬೆಲ್ಲಿಂಗ್‌ಹ್ಯಾಮ್. ಈ ಬೆಲ್ಲಿಂಗ್‌ಹ್ಯಾಮ್ ಹುಟ್ಟಿದ್ದು 2003ರಲ್ಲಿ. ಅದೇ ವರ್ಷ ಮೊಡ್ರಿಚ್ ಬೋಸ್ನಿಯಾದ ಒಂದು ಕ್ಲಬ್‌ಗೆ ಸಾಲದ ಮೇಲೆ ಹೋಗಿ, ಒರಟು ಮೈದಾನಗಳಲ್ಲಿ ಒದೆ ತಿಂದು ಆಟ ಕಲಿಯುತ್ತಿದ್ದ.

2022ರ ಆಗಸ್ಟ್‌ನಲ್ಲಿ ಕ್ಯಾಸೆಮಿರೊ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದಾಗಲೇ ಗಂಟೆ ಬಾರಿಸಿತ್ತು. ಮುಂದಿನ ಸೀಸನ್‌ನಲ್ಲಿ ಆಂಚೆಲೊಟ್ಟಿ ಆಟದ ನಕ್ಷೆಯನ್ನೇ ಬದಲಿಸಿದರು. ನಡುವೆ ನಾಲ್ವರು. ಅದರಲ್ಲಿ ಮುಂದಿನ ತುದಿ ಬೆಲ್ಲಿಂಗ್‌ಹ್ಯಾಮ್‌ಗೆ ಮೀಸಲು. ಉಳಿದದ್ದು ಮೂರು ಜಾಗ. ಕಾದು ನಿಂತವರು ಕ್ರೂಸ್, ವಾಲ್ವೆರ್ಡೆ, ಚುವಾಮೆನಿ, ಕಮವಿಂಗಾ, ಸೆಬಾಯೋಸ್ ಮತ್ತು ಮೊಡ್ರಿಚ್. ಮದುವೆಮನೆಯ ಪಂಕ್ತಿಯಲ್ಲಿ ಮೂರೇ ಎಲೆ ಉಳಿದಿದ್ದು, ಆರು ಜನ ಕೈ ತೊಳೆದುಕೊಂಡು ನಿಂತ ಹಾಗೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎಳೆಯರನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಡಿಫೆಂಡರ್‌ಗಳು ಗಾಯಗೊಂಡಾಗ ಚುವಾಮೆನಿ ಹಿಂದಕ್ಕೆ ಹೋದ. ಕಮವಿಂಗಾ ಎಡಗಡೆ ಬ್ಯಾಕ್ ಆಗಿ ಆಡಿದ. ವಾಲ್ವೆರ್ಡೆ ಬಲಗಡೆಯ ಇಡೀ ಗೆರೆಯುದ್ದಕ್ಕೂ ಓಡಬಲ್ಲ. 38ರ ಮೊಡ್ರಿಚ್‌ಗೆ ಇದ್ದದ್ದು ಒಂದೇ ಜಾಗ. ಆ ಜಾಗದಲ್ಲಿ ಜಗತ್ತಿನ ಶ್ರೇಷ್ಠರ ಸಾಲಿನಲ್ಲಿದ್ದವನು, ನಿಜ. ಆದರೆ ಲಿಸ್ಟ್ ಬರೆಯುವ ಕೋಚ್‌ಗೆ ಮೂರು ಕೆಲಸ ಗೊತ್ತಿರುವವನು ಯಾವತ್ತೂ ಸುಲಭದ ಆಯ್ಕೆ.

ಸಮಾಧಾನವಾಗಿ ಒಪ್ಪಿಕೊಂಡನಾ? ಇಲ್ಲ. ಬೆಂಚ್ ಮೇಲೆ ಕೂರೋದು ತನಗೆ ಇಷ್ಟವಿಲ್ಲ ಅನ್ನೋದನ್ನು ಆತ ಮುಚ್ಚಿಡಲೂ ಇಲ್ಲ. ಆದರೆ ಆ ಬೇಸರ ಪ್ರಾಕ್ಟೀಸ್‌ನಲ್ಲಿ ಸೋಮಾರಿತನವಾಗಲಿಲ್ಲ, ಎಳೆಯರ ಮೇಲೆ ಹೊಟ್ಟೆಕಿಚ್ಚಾಗಲಿಲ್ಲ.

ವಯಸ್ಸಾದರೂ ನಡೆದದ್ದು ಹೇಗೆ?

ಫುಟ್‌ಬಾಲ್‌ನಲ್ಲಿ ಮೊದಲು ಹೋಗೋದು ವೇಗ. ರೆಕ್ಕೆಯಂಚಿನಲ್ಲಿ ಓಡುವ ವಿಂಗರ್‌ಗಳಿಗೆ 32-33 ಆಗುತ್ತಿದ್ದ ಹಾಗೆ ಅದು ಎದ್ದು ಕಾಣುತ್ತದೆ. ಮಿಡ್‌ಫೀಲ್ಡರ್‌ಗೆ ಸ್ವಲ್ಪ ವಿನಾಯಿತಿ ಇದೆ. ಯಾಕಂದ್ರೆ ಅವನು ಕಾಲಿನಿಂದ ಕಳೆದುಕೊಂಡದ್ದನ್ನು ಕಣ್ಣಿನಿಂದ ತುಂಬಿಕೊಳ್ಳಬಹುದು.

ಮೊಡ್ರಿಚ್ ಆಟವನ್ನು ಚೆಂಡು ಬಿಟ್ಟು ಅವನೊಬ್ಬನನ್ನೇ ಐದು ನಿಮಿಷ ನೋಡಿ. ಚೆಂಡು ತನ್ನ ಹತ್ತಿರ ಬರುವ ಮೊದಲೇ ಎರಡು ಸಲ ಹಿಂದೆ ತಿರುಗಿ ನೋಡಿರುತ್ತಾನೆ. ಯಾರು ಎಲ್ಲಿದ್ದಾರೆ ಅನ್ನೋದು ಆಗಲೇ ತಲೆಯೊಳಗೆ ಕೂತಿರುತ್ತದೆ. ಚೆಂಡು ಬಂದ ಮೇಲೆ ಯೋಚಿಸುವ ಕೆಲಸ ಇಲ್ಲ.

ಇನ್ನೊಂದು, ಪಾದದ ಹೊರ ಅಂಚಿನಿಂದ ಪಾಸ್ ಕೊಡುವ ಅಭ್ಯಾಸ. ನೋಡೋಕೆ ಸ್ಟೈಲ್. ಅದರ ಹಿಂದೆ ಉಳಿತಾಯದ ಲೆಕ್ಕವೂ ಇದೆ. ಮೈ ತಿರುಗಿಸಿ ಕಾಲು ಸರಿಮಾಡಿಕೊಳ್ಳುವ ಅರ್ಧ ಸೆಕೆಂಡು ಉಳಿಯುತ್ತದೆ. 2022ರ ಏಪ್ರಿಲ್‌ನಲ್ಲಿ ಚೆಲ್ಸಿ ವಿರುದ್ಧ ಮ್ಯಾಡ್ರಿಡ್ ಮನೆಗೆ ಹೋಗುವುದು ಖಚಿತ ಅನ್ನುವಾಗ, ಹೀಗೇ ಹೊರ ಪಾದದಿಂದ ಬಾಗಿಸಿ ಕಳಿಸಿದ ಚೆಂಡು ಡಿಫೆಂಡರ್‌ಗಳ ತಲೆ ಮೇಲಿಂದ ಹಾರಿ ನೇರ ರಾಡ್ರಿಗೊ ಕಾಲಿಗೆ ಇಳಿಯಿತು. ಆ ಗೋಲಿನಿಂದ ಪಂದ್ಯ ಎಕ್ಸ್‌ಟ್ರಾ ಟೈಮ್‌ಗೆ ಹೋಯಿತು. ಮ್ಯಾಡ್ರಿಡ್ ಉಳಿಯಿತು, ಕೊನೆಗೆ ಕಪ್ಪನ್ನೂ ಗೆದ್ದಿತು.

ನಿಯಮ ಬದಲಾಗಿದ್ದೂ ಹಿರಿಯರ ಕೈ ಹಿಡಿಯಿತು. ಮೊದಲು ಪಂದ್ಯಕ್ಕೆ ಮೂವರು ಬದಲಿ ಆಟಗಾರರು ಮಾತ್ರ. ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಐವರಿಗೆ ಅವಕಾಶ ಕೊಟ್ಟರು. 2022ರಲ್ಲಿ ಅದನ್ನೇ ಖಾಯಂ ನಿಯಮ ಮಾಡಿದರು. ಹೀಗಾಗಿ '90 ನಿಮಿಷ ಓಡಬಲ್ಲೆಯಾ?' ಅನ್ನುವ ಪ್ರಶ್ನೆಯ ಜೊತೆಗೆ 'ಕೊನೆಯ 20 ನಿಮಿಷದಲ್ಲಿ ಏನು ಬದಲಿಸಬಲ್ಲೆ?' ಅನ್ನುವ ಪ್ರಶ್ನೆಗೂ ಬೆಲೆ ಬಂತು.

ತಮಾಷೆ ನೋಡಿ. 2022ರ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಮ್ಯಾಡ್ರಿಡ್ ಕೊನೆ ಗಳಿಗೆಯಲ್ಲಿ ಎದ್ದು ಬಂದಾಗ ಆ ಮೂವರು ಒಡೆಯರೂ ಮೈದಾನದಿಂದ ಹೊರಗಿದ್ದರು. ದಣಿದ ಹಿರಿಯರ ಜಾಗಕ್ಕೆ ಕಮವಿಂಗಾನಂಥ ಎಳೆಯರು ಬಂದಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಪಾತ್ರ ಅದಲುಬದಲು. ಎಳೆಯರು ಶುರು ಮಾಡೋದು, ಹಿರಿಯ ಬಂದು ಮುಗಿಸೋದು.

ಪ್ರತಿ ಸಲವೂ ಚೆನ್ನಾಗೇ ಮುಗಿಯಿತು ಅಂತಲ್ಲ. 2024ರ ಏಪ್ರಿಲ್‌ನಲ್ಲಿ ಅದೇ ಸಿಟಿ ವಿರುದ್ಧ ಬದಲಿಯಾಗಿ ಬಂದ ಮೊಡ್ರಿಚ್, ಪೆನಾಲ್ಟಿ ಶೂಟೌಟ್‌ನಲ್ಲಿ ತಂಡದ ಮೊದಲ ಹೊಡೆತ ತಾನೇ ತಗೊಂಡ. ಗೋಲ್‌ಕೀಪರ್ ತಡೆದ. ಬೆಲ್ಲಿಂಗ್‌ಹ್ಯಾಮ್ ಮತ್ತಿತರರು ತಪ್ಪದೆ ಹೊಡೆದು, ಗೋಲ್‌ಕೀಪರ್ ಲುನಿನ್ ಎರಡು ತಡೆದು ಹಿರಿಯನ ಮಾನ ಉಳಿಸಿದರು. ಆ ವರ್ಷ ವೆಂಬ್ಲಿ ಫೈನಲ್‌ನಲ್ಲಿ ಡಾರ್ಟ್‌ಮಂಡ್ ವಿರುದ್ಧ 85ನೇ ನಿಮಿಷಕ್ಕೆ ಕ್ರೂಸ್ ಹೊರಗೆ ಬಂದ, ಮೊಡ್ರಿಚ್ ಒಳಗೆ ಹೋದ. ಗೆದ್ದದ್ದು ಆತನ ಆರನೇ ಚಾಂಪಿಯನ್ಸ್ ಲೀಗ್. ಐದು ನಿಮಿಷದ ಆಟವಾದರೂ ಪದಕದ ತೂಕ ಒಂದೇ.

ಜಾಗ ಸಿಗದೆ ಹೋದವರು

ಈ ಕಥೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹಿರಿಯ ಎದ್ದೇಳದಿದ್ದರೆ ಕಿರಿಯರಿಗೆ ಎಲೆ ಎಲ್ಲಿ? ಕ್ರೊವೇಷ್ಯಾದವನೇ ಆದ ಮಟೆಯೊ ಕೊವಾಚಿಚ್ 2015ರಲ್ಲಿ ಮ್ಯಾಡ್ರಿಡ್‌ಗೆ ಬಂದು, ಮೂರು ವರ್ಷ ಕಾದು, ಖಾಯಂ ಜಾಗ ಸಿಗದೆ ಚೆಲ್ಸಿಗೆ ಹೋದ. 2024ರ ಆ ಶೂಟೌಟ್‌ನಲ್ಲಿ ಸಿಟಿ ಪರವಾಗಿ ಪೆನಾಲ್ಟಿ ತಪ್ಪಿಸಿಕೊಂಡವರಲ್ಲಿ ಅವನೂ ಒಬ್ಬ. ನಾರ್ವೆಯ ಮಾರ್ಟಿನ್ ಓಡೆಗಾರ್ಡ್ 16ನೇ ವಯಸ್ಸಿಗೇ ಬಂದವನು, 2021ರಲ್ಲಿ ಆರ್ಸೆನಲ್‌ಗೆ ಹೋಗಿ ಅಲ್ಲಿ ಕ್ಯಾಪ್ಟನ್ ಆದ. ಇವರಿಬ್ಬರೂ ದಡ್ಡರಲ್ಲ. ಬಂದ ಹೊತ್ತು ಸರಿಯಿರಲಿಲ್ಲ, ಅಷ್ಟೆ.

ಹಾಗಾಗಿ 'ಹಿರಿಯರಿಗೆ ಗೌರವ ಕೊಡಿ' ಅಂತ ಒಂದೇ ಮಾತಲ್ಲಿ ಮುಗಿಸೋಕಾಗಲ್ಲ. ಮೊಡ್ರಿಚ್‌ಗೂ ಕ್ಲಬ್ ಹಾಗೆ ಮಾಡಲಿಲ್ಲ. ವಯಸ್ಸಾದ ಆಟಗಾರರಿಗೆ ಅಲ್ಲಿ ಒಂದೊಂದೇ ವರ್ಷದ ಕಾಂಟ್ರಾಕ್ಟ್. ಹಳೆಯ ಸಾಧನೆಯ ಹೆಸರಲ್ಲಿ ಮೂರು ವರ್ಷದ ಭರವಸೆ ಇಲ್ಲ. ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಇಂಟರ್‌ವ್ಯೂ ಕೊಟ್ಟ ಹಾಗೆ.

ಇದಕ್ಕೆಲ್ಲ ಆತ ಹೊಸಬನೂ ಅಲ್ಲ. ಆರು ವರ್ಷದವನಿದ್ದಾಗ, 1991ರ ಡಿಸೆಂಬರ್‌ನಲ್ಲಿ, ಯುದ್ಧದಲ್ಲಿ ಅಜ್ಜನನ್ನು ಕೊಂದರು. ಅಜ್ಜನ ಹೆಸರೇ ಇವನದೂ. ಕುಟುಂಬ ಊರು ಬಿಟ್ಟು ಜಾದರ್ ಪಟ್ಟಣದ ಹೋಟೆಲೊಂದರಲ್ಲಿ ನಿರಾಶ್ರಿತರಾಗಿ ವರ್ಷಗಟ್ಟಲೆ ಕಳೆಯಿತು. ಆ ಹೋಟೆಲಿನ ಪಾರ್ಕಿಂಗ್ ಜಾಗವೇ ಮೈದಾನ. ಹೈದುಕ್ ಸ್ಪ್ಲಿಟ್ ಕ್ಲಬ್‌ನವರು 'ಹುಡುಗ ತೀರಾ ಸಣಕಲು' ಅಂತ ವಾಪಸ್ ಕಳಿಸಿದರು. 2012ರಲ್ಲಿ ಮ್ಯಾಡ್ರಿಡ್ ಸೇರಿದ ನಾಲ್ಕೇ ತಿಂಗಳಿಗೆ ಅಲ್ಲಿನ 'ಮಾರ್ಕಾ' ಪತ್ರಿಕೆಯ ಓದುಗರು ಆ ಸೀಸನ್‌ನ ಅತಿ ಕೆಟ್ಟ ಖರೀದಿ ಅಂತ ಇವನಿಗೇ ಓಟು ಹಾಕಿದ್ದರು. ಇವನ ಜಾಗಕ್ಕೆ ಪೈಪೋಟಿಗೆ ಬಂದ ಕಮವಿಂಗಾ ಹುಟ್ಟಿದ್ದೂ ಅಂಗೋಲಾದ ಒಂದು ನಿರಾಶ್ರಿತರ ಶಿಬಿರದಲ್ಲಿ. ಒಂದೇ ಡ್ರೆಸ್ಸಿಂಗ್ ರೂಮ್‌ನಲ್ಲಿ ಇಂಥ ಇಬ್ಬರು.

ಎದ್ದು ಹೋಗುವ ಹೊತ್ತು

2024ರಲ್ಲಿ ಕ್ರೂಸ್ 34ನೇ ವಯಸ್ಸಿಗೇ ನಿವೃತ್ತಿ ಹೇಳಿದ. ಆಗ ಗೊತ್ತಾಯಿತು, ಓಡುವವರು ಬೇಕಾದಷ್ಟು ಜನ ಇದ್ದಾರೆ, ಪಂದ್ಯದ ಲಯ ಹಿಡಿಯುವವರೇ ಇಲ್ಲ. 39ರ ಮೊಡ್ರಿಚ್ ಕ್ಯಾಪ್ಟನ್ ಆದ. ಆ ಅಕ್ಟೋಬರ್‌ನಲ್ಲಿ ಸೆಲ್ಟಾ ವಿಗೊ ವಿರುದ್ಧ ಇಳಿದು, ಪುಸ್ಕಾಸ್ ಹೆಸರಿನಲ್ಲಿದ್ದ 'ಮ್ಯಾಡ್ರಿಡ್ ಪರ ಆಡಿದ ಅತಿ ಹಿರಿಯ' ಅನ್ನುವ ದಾಖಲೆಯನ್ನು ತನ್ನದು ಮಾಡಿಕೊಂಡ. ಅವತ್ತೂ ಬದಲಿ ಆಟಗಾರನೇ. ಗೆಲುವಿನ ಗೋಲಿಗೆ ವಿನಿಸಿಯಸ್‌ಗೆ ಪಾಸ್ ಕೊಟ್ಟವನೂ ಅವನೇ.

ಆದರೆ ಆ ವರ್ಷ ಲೀಗ್ ಬಾರ್ಸಿಲೋನಾ ಪಾಲಾಯಿತು, ಚಾಂಪಿಯನ್ಸ್ ಲೀಗ್‌ನಲ್ಲಿ ಆರ್ಸೆನಲ್ ವಿರುದ್ಧ ಸೋಲಾಯಿತು. ಮುಂದಿನ ಕಾಂಟ್ರಾಕ್ಟ್ ಬರಲಿಲ್ಲ. 2025ರ ಮೇ 24ರಂದು ಬರ್ನಬ್ಯೂನಲ್ಲಿ ಕೊನೆಯ ಆಟ. ಅವನು ಹೊರಬರುವಾಗ ಎರಡೂ ತಂಡದವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಗೆರೆಯಾಚೆ ಅಪ್ಪಿಕೊಳ್ಳೋಕೆ ಕ್ರೂಸ್ ಕಾದಿದ್ದ. ಒಟ್ಟು 13 ಸೀಸನ್, 28 ಟ್ರೋಫಿ. ಕ್ಲಬ್ ವಿಶ್ವಕಪ್ ಮುಗಿಸಿ ಹೊರಟಾಗ ಅವನ ಕೋಚ್ ಆಗಿದ್ದದ್ದು ಶಾಬಿ ಅಲೊನ್ಸೊ. 2012ರಲ್ಲಿ ಅದೇ ಮಿಡ್‌ಫೀಲ್ಡ್‌ನಲ್ಲಿ ಪಕ್ಕದಲ್ಲೇ ಆಡಿದ್ದವನು!

ಹೊರಟವನು ಮನೆಗೆ ಹೋಗಲಿಲ್ಲ. ಇಟಲಿಯ ಎಸಿ ಮಿಲಾನ್‌ಗೆ ಹೋದ. ಕ್ರೊವೇಷ್ಯಾದ ಬೊಬಾನ್ ಆಡುತ್ತಿದ್ದ ಕಾರಣಕ್ಕೆ ಬಾಲ್ಯದಿಂದ ಇಷ್ಟಪಟ್ಟಿದ್ದ ಕ್ಲಬ್ ಅದು. ಅಲ್ಲೂ ರಾಬಿಯೊ, ಫೊಫಾನಾ, ರಿಚ್ಚಿ, ಲಾಫ್ಟಸ್-ಚೀಕ್ ಅಂತ ಮಿಡ್‌ಫೀಲ್ಡ್ ಖಾಲಿಯೇನೂ ಇರಲಿಲ್ಲ. 40 ತುಂಬಿ ಐದು ದಿನಕ್ಕೆ ಬೊಲೊನ್ಯಾ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದ. ಮ್ಯಾಡ್ರಿಡ್‌ನಲ್ಲಿ ಬೆಂಚ್ ಮೇಲಿದ್ದವನು ಇಲ್ಲಿ ಮತ್ತೆ ಶುರುವಿನಿಂದ ಆಡುವವನು.

ನಮ್ಮಲ್ಲೂ ಒಬ್ಬರಿದ್ದಾರೆ

ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಮೊಡ್ರಿಚ್‌ಗಿಂತ ಒಂದು ವರ್ಷ ದೊಡ್ಡವರು. ಮಿಡ್‌ಫೀಲ್ಡರ್ ಅಲ್ಲ, ಸ್ಟ್ರೈಕರ್. 2024ರ ಜೂನ್‌ನಲ್ಲಿ ಭಾರತ ತಂಡಕ್ಕೆ ವಿದಾಯ ಹೇಳಿದವರನ್ನು, ಗೋಲು ಹೊಡೆಯುವವರು ಸಿಗದೆ, 2025ರ ಮಾರ್ಚ್‌ನಲ್ಲಿ ಮತ್ತೆ ಕರೆದರು. ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದೇ ಮರಳಿದರು. ಇವರಿಬ್ಬರಿಗೂ ಕೋಚ್ ಆಗಿದ್ದವರು ಒಬ್ಬರೇ, ಇಗೊರ್ ಸ್ಟಿಮಾಚ್. ಮೊದಲು ಕ್ರೊವೇಷ್ಯಾಕ್ಕೆ, ಆಮೇಲೆ ಭಾರತಕ್ಕೆ.

ಆದರೆ ಎರಡು ಕಥೆಗಳ ತಿರುಳು ಬೇರೆ. ಚೆಟ್ರಿ ಮರಳಬೇಕಾಗಿ ಬಂದದ್ದು ಆ ಜಾಗಕ್ಕೆ ಯಾರೂ ತಯಾರಾಗಿರಲಿಲ್ಲ ಅಂತ. ಮೊಡ್ರಿಚ್ ಬೆಂಚ್‌ಗೆ ಸರಿಯಬೇಕಾಗಿ ಬಂದದ್ದು ತಯಾರಾದವರು ಜಾಸ್ತಿ ಇದ್ದರು ಅಂತ. ಯಾವ ಟೀಮ್ ಚೆನ್ನಾಗಿ ನಡೆಯುತ್ತಿದೆ ಅಂತ ಕೇಳಿದರೆ ಎರಡನೆಯದೇ. ಅಲ್ಲಿ ಹಿರಿಯನಿಗೆ ಕಷ್ಟ, ಟೀಮ್‌ಗೆ ಸುಖ.

ನಿಮ್ಮ ಆಫೀಸಿನಲ್ಲೂ 15-20 ವರ್ಷದ ಅನುಭವದ ಒಬ್ಬರು ಇರಬಹುದು. ಹೊಸ ಟೂಲ್ ನಿಮ್ಮಷ್ಟು ಬೇಗ ಕಲಿಯಲಿಕ್ಕಿಲ್ಲ. ಮೀಟಿಂಗ್‌ನಲ್ಲಿ ಮೊದಲಿನಷ್ಟು ಮಾತಾಡಲಿಕ್ಕಿಲ್ಲ. ಆದರೆ ರಿಲೀಸ್ ಹಿಂದಿನ ರಾತ್ರಿ ಎಲ್ಲ ಕೈಕೊಟ್ಟಾಗ ಯಾವ ಎಳೆ ಹಿಡಿದು ಬಿಡಿಸಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಅವರನ್ನು 90 ನಿಮಿಷ ಓಡಿಸುವುದೂ ತಪ್ಪು, ಮೂಲೆಯಲ್ಲಿ ಕೂರಿಸುವುದೂ ತಪ್ಪು. ಯಾವ 20 ನಿಮಿಷಕ್ಕೆ ಅವರು ಬೇಕು ಅಂತ ತಿಳಿದಿರುವ ಮ್ಯಾನೇಜರ್ ಜಾಣ.

ಇನ್ನು ಹತ್ತು ವರ್ಷಕ್ಕೆ ಆ ಕುರ್ಚಿಯಲ್ಲಿ ಕೂತಿರೋದು ನಾವೇ. ಅಷ್ಟರೊಳಗೆ ಚೆಂಡು ಬರುವ ಮೊದಲೇ ತಿರುಗಿ ನೋಡುವ ಅಭ್ಯಾಸ ಆಗಿದ್ದರೆ ಒಳ್ಳೆಯದು.