ಪ್ರೋಗ್ರಾಮರ್‌ಗೆ ಲೆಕ್ಕಶಾಸ್ತ್ರದ ಅರ್ಹತೆ: ಪ್ರಯೋಜನವೆಷ್ಟು?

ನಮ್ಮ ಸದಸ್ಯರಲ್ಲಿ ಅನೇಕರ ಮನೆಗಳಲ್ಲಿ ಇಂದು ಗಣಕ ವಿಜ್ಞಾನ ಓದಿದ ಮಗನೋ ಮಗಳೋ ಇದ್ದಾರೆ. ಎರಡು ಮೂರು ವರ್ಷ ತಂತ್ರಾಂಶ ಕಂಪನಿಯಲ್ಲಿ ದುಡಿದ ಮೇಲೆ ಅವರಲ್ಲಿ ಕೆಲವರು ತಂದೆಯ ಮುಂದೆ ಒಂದು ಪ್ರಶ್ನೆ ಇಡುತ್ತಾರೆ: "ಇದರ ಜೊತೆಗೆ ಅಕೌಂಟ್ಸ್ ಕೂಡ ಓದಿಕೊಂಡರೆ ಮುಂದೆ ಅನುಕೂಲವಾದೀತೇ?" ಅಂಗಡಿ, ಕಾರ್ಖಾನೆಗಳ ಲೆಕ್ಕವನ್ನೆಲ್ಲ ತಂತ್ರಾಂಶಕ್ಕೆ ಒಪ್ಪಿಸಿರುವ ನಮಗೆ ಇದು ಕೇವಲ ಮಕ್ಕಳ ಪ್ರಶ್ನೆಯಲ್ಲ. ಆ ತಂತ್ರಾಂಶವನ್ನು ಬರೆಯುವವರಿಗೆ ಜಮಾ-ಖರ್ಚಿನ ಅರಿವಿದೆಯೇ ಇಲ್ಲವೇ ಎಂಬುದರ ಮೇಲೆ ನಮ್ಮ ಹಣವೂ ನಿಂತಿದೆ. ಆದುದರಿಂದ ಈ ವಿಷಯವನ್ನು ಎರಡೂ ಕಡೆಯಿಂದ ಪರಿಶೀಲಿಸುವುದು ಉಚಿತ.

ಒಂದು ಉದಾಹರಣೆ

22 ಸೆಪ್ಟೆಂಬರ್ 2025 ರಿಂದ ಸೈಕಲ್ಲುಗಳ ಮೇಲಿನ ಜಿ.ಎಸ್.ಟಿ. ಶೇ. 12 ರಿಂದ ಶೇ. 5 ಕ್ಕೆ ಇಳಿಯಿತು. ಒಬ್ಬ ಸಗಟು ವರ್ತಕರು ಅದೇ ವರ್ಷದ ಆಗಸ್ಟ್‌ನಲ್ಲಿ 1,00,000 ರೂ. ಬೆಲೆಯ ಸೈಕಲ್ಲುಗಳನ್ನು 12,000 ರೂ. ತೆರಿಗೆ ಸೇರಿಸಿ ಮಾರಿದ್ದರೆಂದು ಭಾವಿಸೋಣ. ಅವುಗಳಲ್ಲಿ 20,000 ರೂ. ಬೆಲೆಯ ಮಾಲು ಅಕ್ಟೋಬರ್‌ನಲ್ಲಿ ವಾಪಸು ಬಂದಿತು. ಆಗ ಬರೆಯಬೇಕಾದ ಕ್ರೆಡಿಟ್ ನೋಟಿನಲ್ಲಿ ಮೂಲ ಬಿಲ್ಲಿನ ದರವೇ, ಅಂದರೆ ಶೇ. 12 ಇರಬೇಕು. ತೆರಿಗೆ 2,400 ರೂ. ಆಗಿ, ಗಿರಾಕಿಯ ಖಾತೆಗೆ ಒಟ್ಟು 22,400 ರೂ. ಜಮಾ ಆಗಬೇಕು.

ಲೆಕ್ಕ ತಿಳಿಯದ ಪ್ರೋಗ್ರಾಮರ್ ಸರಕಿನ ಪಟ್ಟಿಯಲ್ಲಿ 12 ಇದ್ದ ಕಡೆ 5 ಎಂದು ಬದಲಾಯಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತಾನೆ. ತಂತ್ರಾಂಶವು ವಾಪಸು ಬಂದ ಮಾಲಿಗೂ ಶೇ. 5 ರಂತೆ 1,000 ರೂ. ತೆರಿಗೆ ಹಾಕಿ 21,000 ರೂ. ಜಮಾ ತೋರಿಸುತ್ತದೆ. ಉಳಿದ 1,400 ರೂ. ಬಗ್ಗೆ ಗಿರಾಕಿಯೊಡನೆ ತಕರಾರು ಹುಟ್ಟುತ್ತದೆ. ರಿಟರ್ನಿನಲ್ಲಿಯೂ ತಪ್ಪು ಅಂಕಿ ಸೇರುತ್ತದೆ. ಇಂತಹ ನೂರು ಬಿಲ್ಲುಗಳಿದ್ದರೆ ವರ್ಷಾಂತ್ಯದ ತಾಳೆ ನೋಡುವವರ ಪಾಡು ಹೇಳತೀರದು. ಲೆಕ್ಕ ತಿಳಿದವನು ಪ್ರತಿಯೊಂದು ದರಕ್ಕೂ ಅದು ಜಾರಿಗೆ ಬಂದ ದಿನಾಂಕವನ್ನು ಸೇರಿಸಿಡುತ್ತಾನೆ. ಪ್ರತಿ ಕ್ರೆಡಿಟ್ ನೋಟನ್ನು ಅದರ ಮೂಲ ಬಿಲ್ಲಿಗೆ ಜೋಡಿಸುತ್ತಾನೆ. ಇಬ್ಬರ ಗಣಕ ಜ್ಞಾನವೂ ಸಮಾನವೇ. ವ್ಯತ್ಯಾಸವಿರುವುದು ಖಾತೆಯ ಜ್ಞಾನದಲ್ಲಿ.

ತಿದ್ದುಪಡಿಯ ವಿಷಯವೂ ಹೀಗೆಯೇ. ಗಣಕದವರಿಗೆ ತಪ್ಪಾದ ನಮೂದನ್ನು ಅಳಿಸಿಬಿಡುವುದು ಸಹಜ. ಆದರೆ ಹಿಂದಿನ ಗುಮಾಸ್ತರು ಕೀರ್ದಿಯ ಹಾಳೆಯನ್ನು ಹರಿಯುತ್ತಿರಲಿಲ್ಲ. ವಿರುದ್ಧ ನಮೂದು ಬರೆದು ಸರಿಪಡಿಸುತ್ತಿದ್ದರು. ಆ ಶಿಸ್ತಿಗೆ ಈಗ ಕಾನೂನಿನ ಬಲವೂ ಬಂದಿದೆ. ಕಂಪನಿ ಕಾಯಿದೆಯಡಿ ನೋಂದಾಯಿತವಾದ ಸಂಸ್ಥೆಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿ ಬದಲಾವಣೆಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ದಾಖಲೆಯನ್ನು ಸ್ಥಗಿತಗೊಳಿಸಲು ಅವಕಾಶವಿರಬಾರದು ಎಂಬ ನಿಯಮ 1 ಏಪ್ರಿಲ್ 2023 ರಿಂದ ಜಾರಿಯಲ್ಲಿದೆ.

ಯಾವ ಅರ್ಹತೆ?

ಲೆಕ್ಕಶಾಸ್ತ್ರದ ಅರ್ಹತೆಗಳೆಲ್ಲವೂ ಒಂದೇ ತೂಕದವಲ್ಲ. ಪ್ರೋಗ್ರಾಮರ್ ಒಬ್ಬನಿಗೆ ಮುಖ್ಯವಾಗಿ ನಾಲ್ಕು ದಾರಿಗಳಿವೆ.

1. ಚಾರ್ಟರ್ಡ್ ಅಕೌಂಟೆಂಟ್: ಶೇ. 60 ಅಂಕ ಪಡೆದ ಎಂಜಿನಿಯರಿಂಗ್ ಪದವೀಧರರು ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಬಹುದು. ಆದರೆ ಮುಂದೆ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಎರಡು ವರ್ಷಗಳ ಆರ್ಟಿಕಲ್‌ಶಿಪ್ ಕಡ್ಡಾಯ. 2023 ರ ಹೊಸ ಪದ್ಧತಿಗೆ ಮುನ್ನ ಇದು ಮೂರು ವರ್ಷವಿತ್ತು. ಈ ಅವಧಿಯಲ್ಲಿ ತಂತ್ರಾಂಶ ಕಂಪನಿಯ ನೌಕರಿಯನ್ನು ಮುಂದುವರಿಸುವುದು ಸಾಧ್ಯವಾಗದು. ಆದುದರಿಂದ ಇದನ್ನು ಇರುವ ವೃತ್ತಿಗೆ ತೊಡಿಸುವ ಆಭರಣವೆಂದು ಭಾವಿಸಬಾರದು. ಇದು ವೃತ್ತಿಯ ಬದಲಾವಣೆಯೇ ಸರಿ.

2. ವೆಚ್ಚ ಲೆಕ್ಕಶಾಸ್ತ್ರ, ಅಂದರೆ ಸಿ.ಎಂ.ಎ.: ಇಲ್ಲಿಯೂ ಎಂಜಿನಿಯರಿಂಗ್ ಪದವೀಧರರಿಗೆ ಇಂಟರ್‌ಮೀಡಿಯೆಟ್ ಹಂತಕ್ಕೆ ನೇರ ಪ್ರವೇಶವಿದೆ. ಕಚ್ಚಾ ಮಾಲು, ಕೂಲಿ, ಮೇಲುವೆಚ್ಚಗಳನ್ನು ಸರಕಿನ ಮೇಲೆ ಹಂಚುವ ವಿದ್ಯೆ ಇದು. ಕಾರ್ಖಾನೆಗಳಿಗಾಗಿ ತಂತ್ರಾಂಶ ಬರೆಯುವವರಿಗೆ, ಇಂಟರ್‌ಮೀಡಿಯೆಟ್‌ವರೆಗಿನ ಓದೇ ಸಾಕಷ್ಟು ಉಪಕಾರಿ.

3. ವಾಣಿಜ್ಯ ಪದವಿ: ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹಾಗೂ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯಗಳ ಮೂಲಕ ದೂರಶಿಕ್ಷಣದಲ್ಲಿ ಬಿ.ಕಾಂ. ಓದಬಹುದು. ನೌಕರಿ ಬಿಡಬೇಕಾಗಿಲ್ಲ. ತಳಪಾಯ ಗಟ್ಟಿಯಾಗುತ್ತದೆ, ಆದರೆ ಕೇವಲ ಈ ಪದವಿಯಿಂದ ಸಂಬಳ ಏರುವುದೆಂದು ನಿರೀಕ್ಷಿಸಬಾರದು.

4. ಸಿಸಾ: ಗಣಕೀಕೃತ ಲೆಕ್ಕ ವ್ಯವಸ್ಥೆಗಳ ಭದ್ರತೆ ಮತ್ತು ನಿಯಂತ್ರಣಗಳನ್ನು ಪರಿಶೋಧಿಸುವವರಿಗಾಗಿ ಇರುವ ಅಂತರರಾಷ್ಟ್ರೀಯ ಪ್ರಮಾಣಪತ್ರ. ಇದಕ್ಕೆ ವಾಣಿಜ್ಯ ಪದವಿ ಬೇಕಿಲ್ಲ. ಪರೀಕ್ಷೆಯ ಜೊತೆಗೆ ಸಾಮಾನ್ಯವಾಗಿ ಐದು ವರ್ಷಗಳ ಸಂಬಂಧಿತ ಅನುಭವ ಬೇಕು. ಗಣಕದ ಹಿನ್ನೆಲೆಯವರಿಗೆ ಲೆಕ್ಕಪರಿಶೋಧನೆಯ ಕ್ಷೇತ್ರಕ್ಕೆ ಇದೇ ಹತ್ತಿರದ ಬಾಗಿಲು.

ಎಲ್ಲಿ ಬೆಲೆಯಿದೆ, ಎಲ್ಲಿ ಇಲ್ಲ

ಆಟದ ತಂತ್ರಾಂಶ, ದೂರಸಂಪರ್ಕ ಜಾಲ, ಚಿಪ್ ವಿನ್ಯಾಸ ಇವುಗಳಲ್ಲಿ ತೊಡಗಿರುವವರಿಗೆ ಲೆಕ್ಕದ ಪ್ರಮಾಣಪತ್ರದಿಂದ ವಿಶೇಷ ಲಾಭವಿಲ್ಲ. ಆ ಸಮಯವನ್ನು ತಮ್ಮ ವಿಷಯದ ಆಳಕ್ಕೆ ಇಳಿಯಲು ಬಳಸುವುದೇ ಲೇಸು. ಆದರೆ ಹಣದ ಲೆಕ್ಕವೇ ತಂತ್ರಾಂಶದ ತಿರುಳಾಗಿರುವ ಕ್ಷೇತ್ರಗಳಿವೆ: ಇನ್ಫೋಸಿಸ್‌ನ ಫಿನಾಕಲ್‌ನಂತಹ ಬ್ಯಾಂಕಿಂಗ್ ತಂತ್ರಾಂಶಗಳು, ಸ್ಯಾಪ್‌ನಂತಹ ಇ.ಆರ್.ಪಿ. ವ್ಯವಸ್ಥೆಗಳ ಹಣಕಾಸು ವಿಭಾಗ, ಜಿ.ಎಸ್.ಟಿ. ಮತ್ತು ವೇತನಪಟ್ಟಿಯ ತಂತ್ರಾಂಶಗಳು. ಇಲ್ಲಿ ಗಿರಾಕಿಯ ಲೆಕ್ಕಾಧಿಕಾರಿಯೊಡನೆ ಕುಳಿತು ಅವರ ಭಾಷೆಯಲ್ಲೇ ಮಾತನಾಡಬಲ್ಲ ಪ್ರೋಗ್ರಾಮರ್‌ಗೆ ಬೇರೆಯೇ ಸ್ಥಾನವಿದೆ. ಸಾಮಾನ್ಯ ಕೋಡನ್ನು ಕೃತಕ ಬುದ್ಧಿಮತ್ತೆಯ ಸಾಧನಗಳೇ ಬರೆದುಕೊಡುತ್ತಿರುವ ಈ ದಿನಗಳಲ್ಲಿ, ಬರೆದದ್ದು ಖಾತೆಯ ದೃಷ್ಟಿಯಿಂದ ಸರಿಯೇ ಎಂದು ಹೇಳಬಲ್ಲವರ ಅಗತ್ಯ ಹೆಚ್ಚಿದೆ ಎಂಬುದರಲ್ಲಿ ಸಂಶಯವಿಲ್ಲ.

ಬೆಂಗಳೂರಿನ ಟ್ಯಾಲಿಯ ಇತಿಹಾಸ ಇಲ್ಲಿ ಸ್ಮರಣೀಯ. ಗಿರಣಿಗಳಿಗೆ ಕಚ್ಚಾ ಸಾಮಗ್ರಿ ಮತ್ತು ಯಂತ್ರಭಾಗಗಳನ್ನು ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅದನ್ನು ಬರೆದರು. 1986 ರಲ್ಲಿ ತಂದೆ-ಮಗ ಸಂಸ್ಥೆಯನ್ನು ಸ್ಥಾಪಿಸಿದರು. ಆ ಕೆಲಸದ ಹಿಂದೆ ನಿಂತದ್ದು ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವಲ್ಲ. ದಿನವೂ ಲೆಕ್ಕ ನೋಡುತ್ತಿದ್ದ ವ್ಯಾಪಾರಿಯ ಅಗತ್ಯ ಮತ್ತು ಅದನ್ನು ಅರ್ಥಮಾಡಿಕೊಂಡ ಪ್ರೋಗ್ರಾಮರ್.

ಸದಸ್ಯರು ಮಾಡಬಹುದಾದದ್ದು

ಮಕ್ಕಳು ಸಲಹೆ ಕೇಳಿದಾಗ ಮೊದಲೇ ಸಾವಿರಾರು ರೂಪಾಯಿ ಶುಲ್ಕ ಕಟ್ಟಿಸಬೇಡಿ. ಮೂರು ತಿಂಗಳ ಕಾಲ ವಾರಕ್ಕೊಂದು ದಿನ ನಿಮ್ಮದೇ ಗದ್ದುಗೆಯ ಪಕ್ಕದಲ್ಲಿ ಕೂರಿಸಿಕೊಳ್ಳಿ. ರೋಜುಕೀರ್ದಿಯಿಂದ ಖಾತಾವಹಿಗೆ, ಅಲ್ಲಿಂದ ತಾಳೆಪಟ್ಟಿಗೆ, ಕೊನೆಗೆ ಲಾಭ-ನಷ್ಟದ ತಃಖ್ತೆಗೆ ಅಂಕಿಗಳು ಹೇಗೆ ಸಾಗುತ್ತವೆಂದು ಅವರು ಒಂದು ಸಲ ಕೈಯಾರೆ ಮಾಡಿ ನೋಡಲಿ. ಅದರಲ್ಲಿ ರುಚಿ ಹುಟ್ಟಿದರೆ ಸಿ.ಎಂ.ಎ. ಅಥವಾ ಸಿಸಾದತ್ತ ಹೋಗಲಿ. ರುಚಿ ಹುಟ್ಟದಿದ್ದರೆ ಹಣವೂ ವರ್ಷಗಳೂ ಉಳಿದವು.

ಇನ್ನು ಹೊಸ ತಂತ್ರಾಂಶ ಕೊಳ್ಳುವಾಗ ಮಾರಲು ಬಂದವರಿಗೆ ಮೂರು ಪ್ರಶ್ನೆ ಹಾಕಿ. ತೆರಿಗೆ ದರ ಬದಲಾದರೆ ಹಳೆಯ ಬಿಲ್ಲಿನ ವಾಪಸಾತಿಗೆ ಯಾವ ದರ ಹಿಡಿಯುತ್ತದೆ? ತಪ್ಪು ನಮೂದನ್ನು ತಿದ್ದಿದರೆ ಮೊದಲಿನದು ಉಳಿಯುತ್ತದೆಯೇ? ಮಾರ್ಚ್ 31 ರ ದಾಸ್ತಾನು ಏಪ್ರಿಲ್ 1 ರ ಆರಂಭಿಕ ದಾಸ್ತಾನಾಗಿ ತಾನಾಗಿಯೇ ಬರುತ್ತದೆಯೇ? ಇವಕ್ಕೆ ತಡವರಿಸದೆ ಉತ್ತರಿಸಬಲ್ಲವನು ಯಾವ ಪದವಿ ಪಡೆದಿದ್ದಾನೆ ಎಂಬುದು ಎರಡನೆಯ ಮಾತು. ಅಂಥವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.