ಮಧುಮೇಹಿಗೆ ನೆರೆಯ ವೈದ್ಯರ ಆಸರೆ

ಉತ್ತರ ಚೆನ್ನೈಯ ಕಾಸಿಮೇಡು ಮೀನುಗಾರಿಕೆಗೆ ಹೆಸರಾದ ಬಂದರು. ಇದಕ್ಕೆ ಸಮೀಪದ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ ಅವರು 1948ರಲ್ಲಿಯೇ ಮಧುಮೇಹಕ್ಕೆ ಪ್ರತ್ಯೇಕ ಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. ಆದರೆ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಇಷ್ಟು ಮಂದಿಗೆ ತಜ್ಞರು ಸಾಲರು. ರೋಗವನ್ನು ಅಂಕೆಯಲ್ಲಿಡುವ ಹೊಣೆ ಬಹುಮಟ್ಟಿಗೆ ಬಡಾವಣೆಯ ಸಾಮಾನ್ಯ ವೈದ್ಯರದೇ.

ಬಂದರಿನಲ್ಲಿ ದುಡಿಯುವವರ ಕಾಲು ಸದಾ ಒದ್ದೆ; ಮೀನಿನ ಮುಳ್ಳು ಚುಚ್ಚುವುದೂ ಉಂಟು. ಬಹುಕಾಲದ ಮಧುಮೇಹದಿಂದ ಪಾದದ ನರಗಳು ಜಡವಾದರೆ ನೋವು ತಿಳಿಯದು. ರಕ್ತಸಂಚಾರ ಕುಂದಿದರೆ ಗಾಯ ಮಾಯದು. ಕಡೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು. ಪಾದರಕ್ಷೆ ಕಳಚಿಸಿ ಅಂಗಾಲನ್ನು ಪರೀಕ್ಷಿಸುವ ವೈದ್ಯರು ಈ ಅನಾಹುತವನ್ನು ಆರಂಭದಲ್ಲೇ ಗುರುತಿಸಬಲ್ಲರು.

ರೋಗಿಯ ಊಟ, ಉದ್ಯೋಗ, ವರಮಾನಗಳನ್ನು ಅವರು ಬಲ್ಲರು; ಸಲಹೆಯೂ ಅದಕ್ಕೆ ತಕ್ಕಂತಿರುತ್ತದೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆ, ರಕ್ತದೊತ್ತಡದ ತಪಾಸಣೆ, ವರ್ಷಕ್ಕೊಮ್ಮೆ ಕಣ್ಣು ಹಾಗೂ ಮೂತ್ರಪಿಂಡಗಳ ಪರೀಕ್ಷೆ, ತೊಡಕು ಕಂಡೊಡನೆ ತಜ್ಞರಲ್ಲಿಗೆ ಕಳುಹಿಸುವುದು—ಇವು ಅವರ ಕರ್ತವ್ಯಗಳು.

ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸಿತು. ಇದು ಸ್ತುತ್ಯವಾದ ಕ್ರಮ. ಆದರೆ ಮಾತ್ರೆ ಪಾದವನ್ನು ಪರೀಕ್ಷಿಸಲಾರದು.

ಉದ್ಯೋಗನಿಮಿತ್ತ ಮನೆ ಬದಲಿಸುವ ನಮ್ಮವರು ವೈದ್ಯರನ್ನೂ ಬದಲಿಸಬೇಕಾಗುತ್ತದೆ. ಹಳೆಯ ವರದಿಗಳನ್ನು ಜೋಪಾನವಾಗಿರಿಸಿ, ಹೊಸ ಬಡಾವಣೆಯಲ್ಲಿ ಮೊದಲೇ ಒಬ್ಬ ವೈದ್ಯರನ್ನು ಗೊತ್ತುಮಾಡಿಕೊಳ್ಳುವುದು ಲೇಸು.