ಅಚ್ಚು ಮೊದಲು, ಆಟೋಕ್ಲೇವ್ ಆಮೇಲೆ

ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ 2001ರ ಜನವರಿ 4ರಂದು ಮೊದಲ ಸಲ ಮೇಲೆದ್ದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45 ಭಾಗ ಇಂಗಾಲದ ಎಳೆ ಮತ್ತು ರಾಳ ಸೇರಿ ಆದ ಕಾಂಪೊಸಿಟ್. ಹೊರಮೈಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಶೇಕಡಾ 90ಕ್ಕೂ ಮಿಕ್ಕಿ ಅದೇ. ಆ ವಿಮಾನದ ಬಗ್ಗೆ ಬರೆದವರು ಬಹಳ ಮಂದಿ. ಅದರ ರೆಕ್ಕೆ, ಬಾಲ ಹುಟ್ಟುವಂಥ ಕಾರ್ಖಾನೆಯ ಬಗ್ಗೆ ಬರೆದವರು ಕಡಿಮೆ. ಬರೆಯಬೇಕಾದ್ದು ಬೇಕಾದಷ್ಟಿದೆ, ಏಕೆಂದರೆ ಇಂಥ ಕಾರ್ಖಾನೆಯ ಸ್ವಭಾವವೇ ಬೇರೆ. ಅಲ್ಯೂಮಿನಿಯಂ ಕೆಲಸ ಮಾಡುವವರಿಗೆ ಲೋಹ ಸಿದ್ಧವಾಗಿ ಬರುತ್ತದೆ. ಹಾಳೆಯ ಗಟ್ಟಿತನ, ಮಿಶ್ರಣ ಎಲ್ಲವನ್ನೂ ಪರೀಕ್ಷಿಸಿ ತಯಾರಕರು ಪ್ರಮಾಣಪತ್ರ ಕೊಟ್ಟಿರುತ್ತಾರೆ. ಇವರು ಕತ್ತರಿಸಬೇಕು, ಬಗ್ಗಿಸಬೇಕು, ರಿವೆಟ್ ಹೊಡೆಯಬೇಕು. ಕಾಂಪೊಸಿಟ್‌ನಲ್ಲಿ ವಸ್ತುವೂ ಅದರಿಂದಾಗುವ ಭಾಗವೂ ಒಟ್ಟಿಗೆ, ಒಂದೇ ಗಳಿಗೆಯಲ್ಲಿ, ಒಂದೇ ಅಚ್ಚಿನ ಮೇಲೆ ಹುಟ್ಟುತ್ತವೆ. ರಾಳ ಗಟ್ಟಿಯಾಗುವ ಆ ಕೆಲವು ಗಂಟೆಗಳಲ್ಲಿ ಒಳಗೆ ಗಾಳಿಗುಳ್ಳೆ ಉಳಿದರೆ, ಎಳೆ ಸರಿದರೆ, ಬಿಸಿ ಒಂದು ಮೂಲೆಗೆ ತಲುಪದಿದ್ದರೆ, ಕೆಟ್ಟದ್ದು ಬರೀ ಆಕಾರವಲ್ಲ, ವಸ್ತುವೇ. ಅದನ್ನು ಕರಗಿಸಿ ಮತ್ತೆ ಎರಕ ಹೊಯ್ಯುವ ದಾರಿಯೂ ಇಲ್ಲ. ಹಾಗಾಗಿ ಇಂಥ ಕಾರ್ಖಾನೆಯನ್ನು ಯೋಜಿಸುವವರು ಮೊದಲು ಕೇಳಬೇಕಾದ್ದು ಯಾವ ಯಂತ್ರ ಕೊಳ್ಳಬೇಕು ಎಂದಲ್ಲ. ಯಾವ ಭಾಗ, ಯಾವ ಅಚ್ಚಿನ ಮೇಲೆ, ವರ್ಷಕ್ಕೆ ಎಷ್ಟು ಎಂದು. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗುವುದೇ ಹೆಚ್ಚು. ಭಾಗಗಳನ್ನು ಒತ್ತಡದಲ್ಲಿ ಬೇಯಿಸುವ ದೊಡ್ಡ ಒಲೆಯಾದ ಆಟೋಕ್ಲೇವ್‌ಗೆ ಮೊದಲು ಹಣ ಮೀಸಲಾಗುತ್ತದೆ, ಅಚ್ಚಿನ ಮಾತು ಕೊನೆಗೆ ಬರುತ್ತದೆ.

ಬೆಂಗಳೂರಿಗೆ ಈ ವಿದ್ಯೆ ಬಂದ ದಾರಿಯನ್ನು ಚುಟುಕಾಗಿ ಹೇಳಬಹುದು. 1959ರಲ್ಲಿ ದೆಹಲಿಯಲ್ಲಿ ಶುರುವಾಗಿ ಮರುವರ್ಷವೇ ಬೆಂಗಳೂರಿಗೆ ಬಂದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಇದರ ತವರು. ಪೂರ್ತಿ ಕಾಂಪೊಸಿಟ್‌ನಲ್ಲೇ ಮಾಡಿದ ಅಲ್ಲಿನ ‘ಹಂಸ’ ತರಬೇತಿ ವಿಮಾನ 1993ರಲ್ಲಿ ಹಾರಿತು. ತೇಜಸ್‌ನ ನೆಟ್ಟನೆಯ ಬಾಲ, ಅದರ ಚುಕ್ಕಾಣಿ ಅಲ್ಲೇ ರೂಪುಗೊಂಡವು; ರೆಕ್ಕೆಯ ಕೆಲಸದಲ್ಲೂ ಆ ಪ್ರಯೋಗಾಲಯದ್ದು ದೊಡ್ಡ ಪಾಲು. ಆಟೋಕ್ಲೇವ್‌ಗಳನ್ನೂ ಅವರೇ ವಿನ್ಯಾಸ ಮಾಡಿ ಇಲ್ಲೇ ಕಟ್ಟಿಸಿದರು. ಮುಂದೆ ಸಾಲು ಉತ್ಪಾದನೆಗೆ ಎಚ್‌ಎಎಲ್‌ನಲ್ಲಿ ಕಾಂಪೊಸಿಟ್‌ಗೆಂದೇ ವಿಭಾಗ ಬಂತು, ಖಾಸಗಿ ಕಾರ್ಖಾನೆಗಳೂ ಬಂದವು. ಇಷ್ಟನ್ನು ಯಾವ ಪರಿಚಯ ಪುಸ್ತಿಕೆಯಾದರೂ ಹೇಳೀತು. ಪುಸ್ತಿಕೆಗಳ ಚಿತ್ರದಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು ಆಟೋಕ್ಲೇವ್‌ನ ದುಂಡು ಬಾಗಿಲು. ಅದರೊಳಗೆ ಗಾಲಿಬಂಡಿಯ ಮೇಲೆ ಕೂತಿರುವ ಅಚ್ಚಿನ ಹೆಸರು ಅಡಿಬರಹದಲ್ಲೂ ಇರುವುದಿಲ್ಲ.

ಆ ಅಚ್ಚನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಐದು ಮೀಟರ್ ಉದ್ದದ ರೆಕ್ಕೆಯ ಹೊದಿಕೆಯೊಂದನ್ನು ಮಾಡಬೇಕು ಎಂದಿಟ್ಟುಕೊಳ್ಳಿ. ವಿಮಾನದರ್ಜೆಯ ಎಪಾಕ್ಸಿ ರಾಳ ಗಟ್ಟಿಯಾಗಲು ಸುಮಾರು 180 ಡಿಗ್ರಿ ಬಿಸಿ ಬೇಕು. ಕೋಣೆಯ 25 ಡಿಗ್ರಿಯಿಂದ ಅಷ್ಟು ಬಿಸಿಗೆ ಹೋಗುವಾಗ ಅಲ್ಯೂಮಿನಿಯಂ ಅಚ್ಚಾದರೆ ಸುಮಾರು 18 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕಿನದಾದರೆ ಒಂಬತ್ತು. ಅದರ ಮೇಲೆ ಹಾಸಿದ ಕಾರ್ಬನ್ ಪದರಗಳೋ ಎಳೆಯ ದಿಕ್ಕಿನಲ್ಲಿ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ರಾಳ ಗಟ್ಟಿಯಾಗುವುದು ಬಿಸಿಯಲ್ಲಿ, ಅಂದರೆ ಅಚ್ಚು ಹಿಗ್ಗಿ ನಿಂತಿರುವಾಗ. ಆಮೇಲೆ ತಣಿಯುವಾಗ ಅಚ್ಚು ತನ್ನ ಹಳೆಯ ಅಳತೆಗೆ ಕುಗ್ಗುತ್ತದೆ, ಭಾಗ ಕುಗ್ಗುವುದಿಲ್ಲ. ಹೆಚ್ಚು ಬಾಗಿರದ ಹಾಳೆಯಾದರೆ ಈ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕಿ ಅಚ್ಚನ್ನು ಅಷ್ಟು ಚಿಕ್ಕದು ಮಾಡಿ ಪಾರಾಗಬಹುದು. ಅಂಚು, ಮೂಲೆ, ತಗ್ಗು ಇರುವ ಭಾಗವಾದರೆ ಕುಗ್ಗುವ ಅಚ್ಚು ಅದನ್ನು ಅದುಮಿ ಹಿಡಿಯುತ್ತದೆ, ಬಿಡಿಸುವಾಗ ಪದರಗಳು ಸೀಳಲೂಬಹುದು. ಇದಕ್ಕೆ ಮದ್ದೆಂದರೆ ಇನ್ವಾರ್. ಕಬ್ಬಿಣಕ್ಕೆ ಶೇಕಡಾ 36ರಷ್ಟು ನಿಕ್ಕಲ್ ಬೆರೆತ ಈ ಲೋಹದ ಗುಣವನ್ನು ಕಂಡುಹಿಡಿದವರು ಷಾರ್ಲ್ ಎದುವಾರ್ ಗಿಯೋಮ್, 1896ರಲ್ಲಿ. ಅಳತೆಗೋಲುಗಳು ಬಿಸಿಲು ಚಳಿಗೆ ಬದಲಾಗಬಾರದೆಂಬ ಚಿಂತೆ ಅವರದ್ದು. 1920ರ ಭೌತಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಗಡಿಯಾರ, ಅಳತೆಗೋಲುಗಳಿಗಾಗಿ ಹುಟ್ಟಿದ ಆ ಲೋಹ ಇಂದು ವಿಮಾನದ ರೆಕ್ಕೆಯ ಅಚ್ಚಾಗಿದೆ. ಅದೇ ಐದು ಮೀಟರ್ ಅಚ್ಚು ಇನ್ವಾರ್‌ನದಾದರೆ ಹಿಗ್ಗುವುದು ಎರಡು ಮಿಲಿಮೀಟರ್‌ಗೂ ಒಳಗೆ. ಆದರೆ ಇನ್ವಾರ್ ದುಬಾರಿ, ಭಾರ, ಕಡೆಯುವುದು ಕಷ್ಟ. ಭಾರವಾದದ್ದು ಬೇಗ ಕಾಯುವುದೂ ಇಲ್ಲ. ಅದಕ್ಕೇ ಅಚ್ಚುಗಾರರು ಮೇಲ್ಮೈಯನ್ನು ತೆಳುವಾಗಿಟ್ಟು, ಕೆಳಗೆ ಅಡ್ಡಪಟ್ಟಿ ಉದ್ದಪಟ್ಟಿಗಳ ಗೂಡು ಕಟ್ಟಿ, ಬಿಸಿಗಾಳಿ ಅಡಿಯಿಂದಲೂ ಹಾಯುವಂತೆ ಪಟ್ಟಿಗಳಲ್ಲಿ ಕಿಂಡಿ ಬಿಡುತ್ತಾರೆ. ಎಲ್ಲಿ ಕಿಂಡಿ, ಎಷ್ಟು ದೊಡ್ಡದು ಎಂಬುದು ಕೂಡ ರೆಕ್ಕೆಯ ಬಲವನ್ನು ಮುಟ್ಟುವ ನಿರ್ಧಾರವೇ.

ಅಷ್ಟಕ್ಕೇ ಮುಗಿಯುವುದಿಲ್ಲ. ತೊಂಬತ್ತು ಡಿಗ್ರಿ ಮೂಲೆಯಿರುವ ಭಾಗ ಅಚ್ಚಿನಿಂದ ಹೊರಬಂದ ಮೇಲೆ ತಾನಾಗಿ ಒಂದೆರಡು ಡಿಗ್ರಿ ಒಳಕ್ಕೆ ಮುಚ್ಚಿಕೊಳ್ಳುತ್ತದೆ. ದಪ್ಪದ ದಿಕ್ಕಿನಲ್ಲಿ ರಾಳ ಕುಗ್ಗುವುದೇ ಕಾರಣ. ಹಾಗಾಗಿ ಅನುಭವಿ ಅಚ್ಚುಗಾರ ನಕ್ಷೆಯಲ್ಲಿರುವ ಕೋನವನ್ನು ಕಡೆಯದೆ, ಭಾಗ ಕೊನೆಗೆ ನಕ್ಷೆಯ ಕೋನಕ್ಕೆ ಬಂದು ನಿಲ್ಲುವಂಥ ಕೋನವನ್ನು ಕಡೆಯುತ್ತಾನೆ. ಅಚ್ಚಿಗೆ ತಾಗುವ ಮುಖ ಕನ್ನಡಿಯಂತೆ ನುಣುಪಾಗುತ್ತದೆ, ಪದರಗಳ ಮೇಲೆ ಹೊದಿಸಿ ಒಳಗಿನ ಗಾಳಿ ಹೀರಿ ತೆಗೆಯುವ ಚೀಲದ ಕಡೆಯ ಮುಖ ಒರಟಾಗುತ್ತದೆ. ಯಾವುದು ಯಾವ ಕಡೆಗಿರಬೇಕೆಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಅಚ್ಚಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನಿರ್ವಾತ ನಿಲ್ಲದೆ ಇಡೀ ಭಾಗ ಗುಜರಿ ಸೇರಬಹುದು. ಇವೆಲ್ಲವೂ ಯೋಜನೆಯ ಕಾಗದದಲ್ಲಿ ‘ಟೂಲಿಂಗ್’ ಎಂಬ ಒಂದೇ ಸಾಲಿನಲ್ಲಿ, ಒಂದೇ ಮೊತ್ತದಲ್ಲಿ ಅಡಗಿ ಕೂರುತ್ತವೆ. ತಿಂಗಳುಗಟ್ಟಲೆ ವಿನ್ಯಾಸ, ಕಡೆತ, ಅಳತೆ, ಮತ್ತೆ ತಿದ್ದುಪಡಿ ಬೇಡುವ ಕೆಲಸಕ್ಕೆ ಆ ಒಂದು ಸಾಲು ಸಾಲದು.

ಯಂತ್ರದ ಗಾತ್ರವನ್ನು ಹೇಳುವುದೂ ಅಚ್ಚೇ ಎಂಬುದಕ್ಕೆ ಸರಳ ಲೆಕ್ಕ ಸಾಕು. ಪದರ ಹಾಸುವುದು, ಚೀಲ ಕಟ್ಟುವುದು, ಬೇಯಿಸುವುದು, ಬಿಡಿಸುವುದು, ಒರೆಸಿ ಮತ್ತೆ ಸಿದ್ಧ ಮಾಡುವುದು ಸೇರಿ ಒಂದು ಅಚ್ಚು ಮೂರು ದಿನ ಸಿಕ್ಕಿಬಿದ್ದಿರುತ್ತದೆ ಎನ್ನೋಣ. ವರ್ಷಕ್ಕೆ 300 ಕೆಲಸದ ದಿನಗಳಾದರೆ ಅದರಿಂದ ಹೊರಬರುವುದು ಹೆಚ್ಚೆಂದರೆ 100 ಭಾಗ. 200 ಬೇಕಾದರೆ ಎರಡು ಅಚ್ಚು, ದುರಸ್ತಿಯ ದಿನಗಳಿಗೆಂದು ಇನ್ನೊಂದು. ಆಟೋಕ್ಲೇವ್ ಇದರಲ್ಲಿ ಪ್ರತಿ ಭಾಗಕ್ಕೆ ಎಂಟು ಹತ್ತು ಗಂಟೆ ಮಾತ್ರ ಬೇಕಾಗುತ್ತದೆ, ಅದೂ ಒಮ್ಮೆಗೆ ನಾಲ್ಕಾರು ಅಚ್ಚುಗಳನ್ನು ನುಂಗಬಲ್ಲದು. ಅಚ್ಚುಗಳ ಪಟ್ಟಿ ಕೈಯಲ್ಲಿಲ್ಲದೆ ಅದನ್ನು ಕೊಂಡರೆ ದೊಡ್ಡದಾದೀತು ಇಲ್ಲವೇ ಚಿಕ್ಕದಾದೀತು. ದೊಡ್ಡದರ ದಂಡ ಸಣ್ಣದಲ್ಲ. ವ್ಯಾಸ ಇಮ್ಮಡಿಯಾದರೆ ಅಷ್ಟೇ ಉದ್ದಕ್ಕೆ ಒಳಜಾಗ ನಾಲ್ಕು ಪಟ್ಟಾಗುತ್ತದೆ, ಗೋಡೆಯೂ ಇಮ್ಮಡಿ ದಪ್ಪವಾಗಬೇಕಾದ್ದರಿಂದ ಉಕ್ಕು ಕೂಡ ನಾಲ್ಕು ಪಟ್ಟು. ನಾಲ್ಕು ಮೀಟರ್ ವ್ಯಾಸದ ಬಾಗಿಲಿನ ಮೇಲೆ ಏಳು ಬಾರ್ ಒತ್ತಡ ಹೇರಿದರೆ ಅದನ್ನು ಹೊರಕ್ಕೆ ತಳ್ಳುವ ಬಲ ಸುಮಾರು 900 ಟನ್. ಬೆಂಕಿಯ ಭಯಕ್ಕೆ ಒಳಗೆ ತುಂಬುವುದು ಗಾಳಿಯ ಬದಲು ಸಾರಜನಕ. ಮೂಲೆಯಲ್ಲಿ ಒಂದೇ ಒಂದು ಚಿಕ್ಕ ಭಾಗವಿದ್ದರೂ ಆ ಇಡೀ ಹೊಟ್ಟೆಯನ್ನು ತುಂಬಿಸಬೇಕು, ಕಾಯಿಸಬೇಕು, ತಣಿಸಬೇಕು.

ಇನ್ನು ಸಾಮಗ್ರಿ. ಪಾಲಿಅಕ್ರಿಲೊನೈಟ್ರೈಲ್ ಎಂಬ ಎಳೆಯನ್ನು ಮೊದಲು 200ರಿಂದ 300 ಡಿಗ್ರಿಯಲ್ಲಿ ಗಾಳಿಗೊಡ್ಡಿ, ಆಮೇಲೆ ಗಾಳಿಯಿಲ್ಲದೆ ಸಾವಿರಕ್ಕೂ ಹೆಚ್ಚು ಡಿಗ್ರಿಯಲ್ಲಿ ಸುಟ್ಟರೆ ತೂಕದ ಸುಮಾರು ಅರ್ಧ ಹೋಗಿ ಉಳಿಯುವುದು ಇಂಗಾಲದ ಎಳೆ. ಅದಕ್ಕೆ ರಾಳವನ್ನು ಅಳೆದು ಸವರಿದ ಹಾಳೆಯೇ ಪ್ರಿಪ್ರೆಗ್. ಒಂದು ಪದರದ ದಪ್ಪ ಮಿಲಿಮೀಟರ್‌ನ ಎಂಟನೇ ಒಂದು ಭಾಗದಷ್ಟು. ಇದು ಮೊಸರಿನಂಥ ಜೀವಂತ ಸರಕು: ತಯಾರಾದ ಗಳಿಗೆಯಿಂದಲೇ ನಿಧಾನವಾಗಿ ಹೆಪ್ಪಾಗುತ್ತಿರುತ್ತದೆ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿಟ್ಟರೆ ಆರು ತಿಂಗಳಿಂದ ಒಂದು ವರ್ಷ ತಾಳುತ್ತದೆ, ಹೊರಗೆ ತೆಗೆದರೆ ಕೆಲವೇ ವಾರ. ಹೊರಗಿದ್ದ ಒಂದೊಂದು ಗಂಟೆಯೂ ಆ ಸುರುಳಿಯ ಲೆಕ್ಕಪತ್ರದಲ್ಲಿ ದಾಖಲಾಗಬೇಕು. ಫ್ರೀಜರ್‌ನಿಂದ ತೆಗೆದ ಕೂಡಲೇ ಪೊಟ್ಟಣ ಬಿಚ್ಚಿದರೆ ಗಾಳಿಯ ತೇವ ಹನಿಯಾಗಿ ಹಾಳೆಯ ಮೇಲೆ ಕೂರುತ್ತದೆ. ಆ ಹನಿಯೇ ಬಿಸಿಯಲ್ಲಿ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಹಾಗಾಗಿ ಮುಚ್ಚಿದ ಪೊಟ್ಟಣದಲ್ಲೇ ಅದು ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು. ಹೊರದೇಶದಿಂದ ಬರುವ ಸುರುಳಿ ಹಡಗು, ಸುಂಕದ ಕಟ್ಟೆಗಳಲ್ಲಿ ಕಳೆದ ದಿನವೂ ಅದರ ಆಯುಷ್ಯದಲ್ಲೇ ಕಳೆಯುತ್ತದೆ. ಹೀಗಿರುವಾಗ ಯೋಜನೆಯಲ್ಲಿ ಫ್ರೀಜರ್‌ಗಿಂತ ಮೊದಲು ಬರೆಯಬೇಕಾದದ್ದು ಕರೆಂಟು ಹೋದಾಗ ತಾನೇ ಚಾಲೂ ಆಗುವ ಜನರೇಟರ್. ಚೀಲದ ಫಿಲ್ಮ್, ಅಂಟುಪಟ್ಟಿ, ಗಾಳಿ ಹಾಯಲೆಂದು ಹಾಸುವ ಬ್ರೀದರ್ ಬಟ್ಟೆ, ಕೊನೆಗೆ ಸುಲಿದು ತೆಗೆಯುವ ಪೀಲ್ ಪ್ಲೈ ಇವೆಲ್ಲ ಒಂದೇ ಸಲ ಬಳಸಿ ಎಸೆಯುವಂಥವು, ಅಗ್ಗವೂ ಅಲ್ಲ, ಕಚ್ಚಾಸಾಮಗ್ರಿಯ ಪಟ್ಟಿಯಲ್ಲಿ ಬಿಟ್ಟುಹೋಗುವುದೂ ಇವೇ. ಕತ್ತರಿಸುವ ಯಂತ್ರ, ಸ್ವಚ್ಛ ಕೋಣೆ, ಅಲ್ಟ್ರಾಸಾನಿಕ್ ತಪಾಸಣೆ ಇವುಗಳ ಬಗ್ಗೆ ಇಷ್ಟು ಹೇಳಿದರೆ ಸಾಕು: ಇವನ್ನೂ ಅತಿ ದೊಡ್ಡ ಅಚ್ಚಿನ ಅಳತೆ ಹಿಡಿದೇ ಕೊಳ್ಳಬೇಕು.

ಆಟೋಕ್ಲೇವ್‌ನ ಕಾಲವೇ ಮುಗಿಯುತ್ತ ಬಂದಿದೆ, ಈ ಚರ್ಚೆ ಏಕೆ ಎಂದು ಯಾರಾದರೂ ಕೇಳಬಹುದು. ಒಣ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ, ನಿರ್ವಾತದ ಸೆಳೆತದಿಂದ ರಾಳವನ್ನು ಒಳಗೆಳೆಯುವ ವಿಧಾನ ಈಗ ಬಲಿತಿದೆ, ನಿಜ. ಎನ್‌ಎಎಲ್‌ನವರೇ ‘ವೆರಿಟಿ’ ಎಂಬ ಹೆಸರಿನಲ್ಲಿ ಅಂಥ ವಿಧಾನ ರೂಪಿಸಿ ‘ಸರಸ್’ ವಿಮಾನದ ರೆಕ್ಕೆಗೆ ಬಳಸಿದರು. ಗಾಳಿಯಂತ್ರದ ಉದ್ದುದ್ದ ಅಲಗುಗಳಾಗುವುದೂ ಹೀಗೇ. ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲೂ ಅಂಥ ಅಲಗುಗಳು ತಯಾರಾಗಿವೆ. ಆದರೆ ಆಟೋಕ್ಲೇವ್ ಹೋದರೆ ಅದರ ಹೊಣೆ ಬಂದು ಬೀಳುವುದು ಅಚ್ಚಿನ ಮೇಲೇ. ಹೊರಗಿನ ಒತ್ತಡದ ಆಸರೆ ಕಡಿಮೆಯಾದಷ್ಟೂ ನಿರ್ವಾತ ಸೋರದಂತೆ ಹಿಡಿದಿಡುವುದು, ಅನೇಕ ಕಡೆ ತನ್ನ ಮೈಯೊಳಗಿನ ತಂತಿ ಅಥವಾ ಕೊಳವೆಗಳಿಂದ ತಾನೇ ಬಿಸಿ ಕೊಡುವುದು ಎಲ್ಲ ಅದರ ಪಾಲಿಗೆ. ರೋಬೋಟುಗಳು ಬಂದರೆ ಕೈಕೆಲಸದ ಈ ಗೊಡವೆಯೇ ಇರದು ಎಂಬುದು ಇನ್ನೊಂದು ವಾದ. ರೋಬೋಟು ಪಟ್ಟಿ ಹಾಸುವುದೂ ಅಚ್ಚಿನ ಮೇಲೆಯೇ, ಅಚ್ಚು ತಪ್ಪಿದ್ದರೆ ಆ ತಪ್ಪನ್ನೇ ವೇಗವಾಗಿ ಹಾಸುತ್ತದೆ. ತೂಕದಲ್ಲಿ ಅರ್ಧದಷ್ಟು ಕಾಂಪೊಸಿಟ್ ಇರುವ ಬೋಯಿಂಗ್ 787 ತಯಾರಿಯಲ್ಲಿ ಯಂತ್ರಗಳಿಗೆ ಕೊರತೆಯಿರಲಿಲ್ಲ. ಆದರೂ ಒಡಲಿನ ಭಾಗಗಳು ಕೂಡುವಲ್ಲಿ ಕಾಗದದಷ್ಟು ತೆಳ್ಳಗಿನ ಸಂದುಗಳು ನಿಗದಿಗಿಂತ ಹೆಚ್ಚಿದ್ದುದೂ ಸೇರಿ ಹಲವು ಗುಣಮಟ್ಟದ ಕಾರಣಗಳಿಗೆ 2021ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ ಅದರ ಹಸ್ತಾಂತರವೇ ನಿಂತಿತ್ತು. ಬೇರೆ ಬೇರೆ ಅಚ್ಚಿನಲ್ಲಿ ಹುಟ್ಟಿದ ಭಾಗಗಳನ್ನು ಒಂದಕ್ಕೊಂದು ಕೂಡಿಸುವ ಕಷ್ಟ ಯಂತ್ರ ಬಂದರೂ ಉಳಿದೇ ಇರುತ್ತದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಸಣ್ಣ ಉದ್ಯಮಿಯದ್ದು: ಇನ್ವಾರ್ ಅಚ್ಚು ಮಾಡಿಸುವ ಶಕ್ತಿ ಎಲ್ಲಿಂದ ತರಲಿ? ಇದಕ್ಕೆ ಸುಲಭದ ಉತ್ತರವಿಲ್ಲ, ಆದರೆ ಉತ್ತರ ಇದೆ. ಹಂಸದಂಥ ಹಗುರ ವಿಮಾನ, ಡ್ರೋನ್, ಬಸ್ಸಿನ ಬಿಡಿಭಾಗಗಳಿಗೆ ಕಡಿಮೆ ಬಿಸಿಯಲ್ಲಿ ಗಟ್ಟಿಯಾಗುವ ರಾಳ ಸಾಕಾಗುತ್ತದೆ. ಅಲ್ಲಿ ಅಚ್ಚನ್ನೂ ಕಾಂಪೊಸಿಟ್‌ನಲ್ಲೇ ಮಾಡಬಹುದು. ಅಚ್ಚು ಮತ್ತು ಭಾಗ ಒಂದೇ ಜಾತಿಯವಾದ್ದರಿಂದ ಹಿಗ್ಗುವ ತಕರಾರೂ ಹೆಚ್ಚಿಲ್ಲ. ಇಂಥ ಅಚ್ಚು ಲೋಹದಷ್ಟು ಬಾಳುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕಿಟ್ಟುಕೊಂಡರಾಯಿತು. ಇನ್ನು ಆಟೋಕ್ಲೇವ್, ತಪಾಸಣಾ ಯಂತ್ರಗಳನ್ನು ಒಬ್ಬೊಬ್ಬರೂ ಕೊಳ್ಳುವ ಬದಲು ಹತ್ತು ಜನ ಹಂಚಿಕೊಳ್ಳುವ ವ್ಯವಸ್ಥೆ ಸರ್ಕಾರ ಮಾಡಬೇಕು. ಅಚ್ಚಿನ ವಿದ್ಯೆಯಂತೂ ಈ ನಾಡಿಗೆ ಹೊಸದಲ್ಲ. ಚೆಕೊಸ್ಲೊವಾಕಿಯಾದ ಸಹಕಾರದಿಂದ ಹುಟ್ಟಿದ, ಇಂದು ಸಿಎಂಟಿಐ ಎನಿಸಿಕೊಂಡಿರುವ, ತಯಾರಿಕಾ ತಂತ್ರಜ್ಞಾನದ ಕೇಂದ್ರ ಸಂಸ್ಥೆ 1962ರಿಂದ ಬೆಂಗಳೂರಿನಲ್ಲಿದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜಿಟಿಟಿಸಿ, ಇಂದು ರಾಜ್ಯದ ಹಲವು ಊರುಗಳಲ್ಲಿ ಹುಡುಗ ಹುಡುಗಿಯರಿಗೆ ಟೂಲ್ ಮತ್ತು ಡೈ ಮಾಡುವುದನ್ನು ಕಲಿಸುತ್ತಿದೆ. ಪೀಣ್ಯದ ಶೆಡ್ಡುಗಳಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಪ್ಲಾಸ್ಟಿಕ್ ಅಚ್ಚು ಕಡೆಯುವ ಕೈಗಳಿವೆ. ಆ ಕೈಗಳಿಗೂ ವಿಮಾನದ ಅಚ್ಚಿಗೂ ನಡುವೆ ಇರುವ ದೂರವೆಂದರೆ ಬಿಸಿ, ನಿರ್ವಾತ, ರಾಳದ ಸ್ವಭಾವ ಇವಿಷ್ಟರ ತಿಳಿವಳಿಕೆ. ಹೊಸ ಕಟ್ಟಡಕ್ಕೆ ಹಾಕುವ ಹಣದಲ್ಲಿ ಒಂದು ಪಾಲನ್ನು ಈ ಕಲಿಕೆಗೆ ತೆಗೆದಿಟ್ಟಿದ್ದರೆ ಆ ದೂರ ಎಂದೋ ಕಳೆಯುತ್ತಿತ್ತು.

ಕಲಿತದ್ದು ಬೇರೂರಲು ಬೇಡಿಕೆಯೂ ಬೇಕು, ಹಂಸವನ್ನೇ ನೋಡಿ. ಹಂಸ-3ಕ್ಕೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ ಪ್ರಮಾಣಪತ್ರ 2000ದಲ್ಲೇ ಸಿಕ್ಕಿತ್ತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಅದು ಹೋಯಿತು ಕೂಡ, ಆದರೆ ಒಟ್ಟು ತಯಾರಾದದ್ದು ಎರಡು ಡಜನ್ ಮುಟ್ಟಲಿಲ್ಲ. ಅದರ ಹೊಸ ರೂಪ ಹಂಸ-ಎನ್‌ಜಿ 2021ರ ಸೆಪ್ಟೆಂಬರ್‌ನಲ್ಲಿ ಹಾರಿತು. ನಡುವಿನ ಆ ಎರಡು ದಶಕಗಳಲ್ಲಿ ವರ್ಷಕ್ಕೆ ಇಪ್ಪತ್ತು ವಿಮಾನದ ಬೇಡಿಕೆ ಎಡೆಬಿಡದೆ ಇದ್ದಿದ್ದರೆ ಅಚ್ಚುಗಳು ಸವೆಯುತ್ತಿದ್ದವು, ಎರಡನೆಯ ಜೋಡಿ ಮೊದಲಿನದಕ್ಕಿಂತ ಚೆನ್ನಾಗಿರುತ್ತಿತ್ತು, ಮೂರನೆಯದನ್ನು ಯಾವುದೋ ಖಾಸಗಿ ಶೆಡ್ಡಿನವರು ಅರ್ಧ ಖರ್ಚಿನಲ್ಲಿ ಮಾಡಿಕೊಡುತ್ತಿದ್ದರು. ಪದರ ಹಾಸುವ ಕೆಲಸಕ್ಕೆ ಇಪ್ಪತ್ತರ ಹರೆಯದಲ್ಲಿ ಸೇರಿದವರು ಇಂದು ಮತ್ತೊಬ್ಬರಿಗೆ ಕಲಿಸುವ ವಯಸ್ಸಿಗೆ ಬಂದಿರುತ್ತಿದ್ದರು.